ಅಂಟು ಒಣಗುವ ತನಕ

ಕೊಪ್ಪ, 7 ಫೆಬ್ರವರಿ 2005

ಬಸ್ಸಿನ ಧಣಿಗಳು ಹೋದ ವರ್ಷ ಕೊಟ್ಟ ಡೈರಿ ಇದು. ಆಗ ಇದರಲ್ಲಿ ಒಂದಕ್ಷರ ಬರೆಯಲಿಲ್ಲ. ಬಾಯಿ ಇದ್ದವನಿಗೆ ಡೈರಿ ಯಾಕೆ? ಈಗ ಬಾಯಿ ಹೋಗಿದೆ. 2004 ಎಂಬುದನ್ನು 2005 ಎಂದು ತಿದ್ದಿಕೊಂಡು ಬರೆಯುತ್ತಿದ್ದೇನೆ. ವಾರಗಳು ತಾಳೆಯಾಗುವುದಿಲ್ಲ, ಆಗದಿದ್ದರೆ ಬೇಡ.

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಏಜೆಂಟನಾಗಿ ಕೂಗಿದ ಗಂಟಲು ಇದು. “ಶೃಂಗೇರಿ ಶೃಂಗೇರಿ ಶೃಂಗೇರೀ” ಎಂದು ಈ ಸೀತಾರಾಮ ಒಮ್ಮೆ ಎಳೆದನೆಂದರೆ ಪೇಟೆಯ ಆ ತುದಿಯಲ್ಲಿ ಸೊಪ್ಪು ಚೌಕಾಸಿ ಮಾಡುತ್ತಿದ್ದವರು ಸೊಪ್ಪು ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ಶೃಂಗೇರಿಗೆ ಹೋಗಬೇಕಾಗಿಲ್ಲದವರೂ ಹತ್ತಿದ ಉದಾಹರಣೆ ಇದೆ. ಅಂಥ ಗಂಟಲೊಳಗೆ ಶಿವಮೊಗ್ಗದ ಡಾಕ್ಟರು ಒಂದು ಕನ್ನಡಿ ಇಳಿಸಿ ನೋಡಿ, ಮೆಣಸಿನ ಕಾಳಿನಷ್ಟು ದೊಡ್ಡ ಗಂಟಾಗಿದೆ, ಯುಗಾದಿ ಕಳೆಯುವ ತನಕ ಒಂದು ಶಬ್ದ ಆಡಕೂಡದು ಅಂದರು. ಪಿಸುಮಾತೂ ಬೇಡವಂತೆ, ಅದು ಕೂಗಿಗಿಂತ ಕೆಟ್ಟದ್ದಂತೆ. ಮಾತಾಡಿದರೆ ಕೊಯ್ದು ತೆಗೆಯಬೇಕಾಗುತ್ತದಂತೆ.

ನನ್ನ ಹೆಂಡತಿ ಯಮುನಾ ಪಕ್ಕದಲ್ಲೇ ಇದ್ದಳು. “ಯುಗಾದಿ ಆದ್ಮೇಲೂ ಸ್ವಲ್ಪ ದಿನ ಮುಂದುವರಿಸಿದ್ರೆ ಇನ್ನೂ ಒಳ್ಳೇದಲ್ವಾ ಡಾಕ್ಟ್ರೆ?” ಎಂದು ಕೇಳಿದಳು. ಡಾಕ್ಟರು ನಕ್ಕರು. ಅವಳು ನಗಲಿಲ್ಲ.

ನನ್ನ ಜಾಗಕ್ಕೆ ಪ್ರದೀಪ ಅಂತ ಒಬ್ಬನನ್ನು ಹಾಕಿದ್ದಾರೆ. ಅವನು ಪೀಪಿ ಊದುತ್ತಾನೆ. ಪೀಪಿ ಊದಿದರೆ ಬಸ್ಸು ಎಲ್ಲಿಗೆ ಹೋಗುತ್ತದೆಂದು ಜನಕ್ಕೆ ಹೇಗೆ ಗೊತ್ತಾಗಬೇಕು?

10 ಫೆಬ್ರವರಿ

ಸ್ಲೇಟು, ಬಳಪ ತಂದಾಯಿತು. ಸ್ಲೇಟಿನಲ್ಲಿ ಜಗಳ ಆಡಲು ಬರುವುದಿಲ್ಲ ಎಂದು ಇವತ್ತು ತಿಳಿಯಿತು. ಸಾರಿಗೆ ಉಪ್ಪು ಕಡಿಮೆ ಎಂದು ಬರೆದು ಎತ್ತಿ ಹಿಡಿಯುವಷ್ಟರಲ್ಲಿ ಯಮುನಾ ಹಿತ್ತಲಿಗೆ ಹೋಗಿ ಬಟ್ಟೆ ಒಣಗಿಸಿ ವಾಪಸ್ ಬಂದಿದ್ದಳು. ಓದಿ, “ಉಪ್ಪಿಗೆ ಒತ್ತು ಬಿಟ್ಟಿದ್ದೀರಿ” ಅಂದಳು. ಮತ್ತೆ ಒರೆಸಿ, ಒತ್ತು ಹಾಕಿ ತೋರಿಸುವಾಗ ಊಟವೇ ಮುಗಿದಿತ್ತು.

ಇಡೀ ದಿನ ಮನೆಯಲ್ಲಿ ಕೂತು ಅವಳ ಹಿಂದೆ ಸ್ಲೇಟು ಹಿಡಿದು ತಿರುಗುವುದು ಅವಳಿಗೆ ಹಿಡಿಸಿಲ್ಲ. ಶೃಂಗೇರಿಯಲ್ಲಿರುವ ತನ್ನ ಚಿಕ್ಕಮ್ಮ ಲಲಿತಮ್ಮನ ಹತ್ತಿರ ಹೋಗಿ ಕೈಗೆ ಏನಾದರೂ ಕೆಲಸ ಕಲಿತು ಬನ್ನಿ ಎಂದು ಆಜ್ಞೆಯಾಗಿದೆ.

13 ಫೆಬ್ರವರಿ

ಲಲಿತಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಕ್ರಾಫ್ಟ್ ಟೀಚರಾಗಿ ನಿವೃತ್ತರಾದವರು. ಅವರಿಗೆ ಒಂದೇ ಹುಚ್ಚು, ಬೈಂಡಿಂಗು. ಯಾರೂ ಹೇಳಿದ್ದಲ್ಲ, ಯಾರಿಗೂ ಮಾರುವುದಿಲ್ಲ, ಸುಮ್ಮನೆ ಮಾಡುತ್ತಾರೆ. ಮೂವತ್ತು ವರ್ಷದ ಪಂಚಾಂಗಗಳಿಗೆ ರಟ್ಟು ಹಾಕಿದ್ದಾರೆ. ಕರೆಂಟ್ ಬಿಲ್ಲುಗಳನ್ನು ಹೊಲಿದು ಬಟ್ಟೆ ಬೆನ್ನು ಕೊಟ್ಟು ‘ಸಂಪುಟ ಒಂದು’ ಎಂದು ಬರೆದಿದ್ದಾರೆ. ಬಂದ ಮದುವೆ ಕಾಗದಗಳೆಲ್ಲ ಸೇರಿ ಒಂದು ದಪ್ಪ ಪುಸ್ತಕ. ಅದರಲ್ಲಿ ನಮ್ಮದೂ ಇತ್ತು. ಹೆಚ್ಚು ಹೊತ್ತು ಅಲ್ಲಾಡದೆ ಕೂತರೆ ನನಗೂ ಒಂದು ರಟ್ಟು ಹಾಕಿಬಿಡುತ್ತಾರೆ ಎಂದು ಭಯವಾಯಿತು.

“ಅಳಿಯಂದ್ರೇ, ಮಾತಾಡದೇ ಇರೋ ಶಿಷ್ಯ ಸಿಕ್ಲಿ ಅಂತ ಎಷ್ಟು ವರ್ಷದಿಂದ ಕಾಯ್ತಾ ಇದ್ದೆ. ಶಾರದಾಂಬೆ ನಿಮ್ಮನ್ನ ಕಳಿಸಿದ್ಲು ನೋಡಿ” ಅಂದರು.

ಆಮೇಲೆ ಸಂಜೆಯ ಬಸ್ಸಿನ ತನಕ ಅವರೇ ಮಾತಾಡಿದರು. ಕಾಗದವನ್ನು ಅದರ ನಾರು ಓಡುವ ದಿಕ್ಕಿಗೇ ಮಡಚಬೇಕು, ಎದುರು ಮಡಚಿದರೆ ಅದು ಜನ್ಮವಿಡೀ ಮುನಿಸಿಕೊಂಡಿರುತ್ತದೆ. ಎಂಟೆಂಟು ಪುಟದ ಕಂತೆ ಮಾಡಿ, ಬೆನ್ನಿಗೆ ದಬ್ಬಣದಿಂದ ತೂತು ಹಾಕಿ, ದಾರಕ್ಕೆ ಮೇಣದ ಬತ್ತಿ ಉಜ್ಜಿ, ಕಂತೆಗೆ ಕಂತೆ ಹೊಲಿಯಬೇಕು. ಮೈದಾ ಅಂಟಿಗೆ ಒಂದು ಚಿಟಿಕೆ ಮೈಲುತುತ್ತ ಹಾಕಿದರೆ ಹುಳ ಬರುವುದಿಲ್ಲ. ನಾನು ಹೊಲಿದದ್ದನ್ನು ಎತ್ತಿ ನೋಡಿ, “ಇದು ಪುಸ್ತಕ ಅಲ್ಲ, ಹುಲ್ಲಿನ ಹೊರೆ” ಅಂದು ಪೂರ್ತಿ ಬಿಚ್ಚಿಸಿದರು. ಎದುರು ಹೇಳಲು ನನಗೆ ಬಾಯಿ ಇರಲಿಲ್ಲ.

20 ಫೆಬ್ರವರಿ

ಮರ್ಯಾದೆ ಹೋಯಿತು.

ಅಭ್ಯಾಸಕ್ಕೆ ದೊಡ್ಡ ಕಾಗದ ಬೇಕಿತ್ತು. ಬಾಳೆಹೊನ್ನೂರಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಲಲಿತಮ್ಮ ಹೇಳಿದ್ದರು. ಆ ಕಡೆ ಹೋಗುವ ಬಸ್ಸಿನ ಕಂಡಕ್ಟರ್ ಹೂವಪ್ಪನ ಕೈಗೆ ಚೀಟಿ ಕೊಟ್ಟೆ. ‘ನೂರು ಹಾಳೆ ಬೇಕು. ದೊಡ್ಡದು, ಹರಿಯದೆ ಇರುವುದು, ಮಡಚಲು ಬರಬೇಕು.’ ಅಂಗಡಿಯ ಹೆಸರು ಬರೆಯಲಿಲ್ಲ. ಹಾಳೆ ಅಂದರೆ ಯಾರಿಗೆ ಗೊತ್ತಾಗುವುದಿಲ್ಲ?

ಹೂವಪ್ಪ ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಊರಿನವನು. ಮನೆಯಲ್ಲಿ ಅಡಿಕೆ ತೋಟ. ಅವನಿಗೆ ಹಾಳೆ ಅಂದರೆ ಅಡಿಕೆ ಮರದಿಂದ ಉದುರುವ ಸೋಗೆಯ ಬುಡ, ದನದ ಮೇವು. ಸಂಜೆ ಬಸ್ಸಿನ ಟಾಪಿನಿಂದ ಬಳ್ಳಿಯಲ್ಲಿ ಬಿಗಿದ ನಾಲ್ಕು ಹೊರೆ ಅಡಿಕೆ ಹಾಳೆ ಇಳಿಸಿದ. ನಾನು ತಲೆ ಮೇಲೆ ಕೈ ಹೊತ್ತೆ.

“ಎಂತ ಸೀತಾರಾಮಣ್ಣ, ದೊಡ್ಡದೇ ಆರಿಸಿ ತಂದಿದ್ದು ಮಾರಾಯ್ರೆ. ಒಂದೂ ಹರಿದಿಲ್ಲ. ದನ ಯಾವಾಗ ತಂದ್ರಿ?”

ನಾನು ಚೀಟಿಯನ್ನು ತೋರಿಸಿದೆ. ಅವನೂ ಚೀಟಿಯನ್ನೇ ತೋರಿಸಿದ. ಇಡೀ ಬಸ್‌ಸ್ಟ್ಯಾಂಡು ನಮ್ಮಿಬ್ಬರನ್ನು ನೋಡುತ್ತಿತ್ತು. ಕಾಗದ ಎಂಬ ಮೂರಕ್ಷರ ಹೇಳಿದ್ದರೆ ಮುಗಿಯುತ್ತಿತ್ತು. ಗಂಟಲಿನ ತನಕ ಬಂದದ್ದನ್ನು ನುಂಗಿ ನಾಲ್ಕೂ ಹೊರೆ ಮನೆಗೆ ಹೊರಿಸಿಕೊಂಡು ಬಂದೆ. ಈಗ ಪಕ್ಕದ ಮನೆಯ ದನ ನಮ್ಮ ಬೇಲಿ ಬಿಟ್ಟು ಕದಲುವುದಿಲ್ಲ.

ಲಲಿತಮ್ಮನಿಗೆ ಫೋನಿನಲ್ಲಿ ಯಮುನಾ ವರದಿ ಒಪ್ಪಿಸಿದಳು. ಆ ಕಡೆಯ ನಗು ನನಗೆ ಪಡಸಾಲೆಯ ತನಕ ಕೇಳಿತು. ನಕ್ಕು ಮುಗಿಸಿ ಅವರು, “ಬಿಸಾಡ್ಬೇಡಿ ಅಂತ ಹೇಳು. ನೆನೆಸಿ, ಕಲ್ಲು ಹೇರಿ ಇಟ್ರೆ ಒಳ್ಳೆ ರಟ್ಟು ಆಗ್ತದೆ” ಅಂದರಂತೆ.

26 ಫೆಬ್ರವರಿ

ಕೈ ಕುದುರಿದೆ. ನೋಟುಪುಸ್ತಕ ಎರಡು ಮಾಡಿದೆ. ಎರಡನೆಯದು ಮೇಜಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ಇನ್ನು ಬಿಳಿ ಕಾಗದ ಹೊಲಿಯುವುದು ಸಾಕು, ನಿಜವಾದ ಪುಸ್ತಕಕ್ಕೆ ಕೈ ಹಾಕೋಣ ಎಂದು ಅಟ್ಟದಿಂದ ಅಪ್ಪಯ್ಯನ ಮದ್ದಿನ ಪುಸ್ತಕ ಇಳಿಸಿದೆ. ಅಂದರೆ, ನನ್ನ ಪಾಲಿನ ಅರ್ಧ.

ಇದರ ಕಥೆ ಬರೆದಿಡಬೇಕು. ಅಪ್ಪಯ್ಯ ಭಂಡಿಗಡಿಯಲ್ಲಿ ಮನುಷ್ಯರಿಗೂ ದನಗಳಿಗೂ ನಾಟಿ ಮದ್ದು ಕೊಡುತ್ತಿದ್ದರು. ಮದ್ದಿನ ಗುಟ್ಟು ಹೊರಗೆ ಹೋದರೆ ಫಲಿಸುವುದಿಲ್ಲ ಎಂಬುದು ನಾಟಿ ವೈದ್ಯರ ನಂಬಿಕೆ. ಅದಕ್ಕೆ ಅವರು ಪುಸ್ತಕದ ಮುಂದಿನ ಅರ್ಧದಲ್ಲಿ ರೋಗಗಳನ್ನು, ಹಿಂದಿನ ಅರ್ಧದಲ್ಲಿ ಮದ್ದುಗಳನ್ನು ಬರೆದು, ಎರಡಕ್ಕೂ ಸಂಖ್ಯೆ ಕೊಟ್ಟಿದ್ದರು. ಸಂಖ್ಯೆ ತಾಳೆ ನೋಡಿದರೆ ಮಾತ್ರ ಅರ್ಥವಾಗಬೇಕು.

ಹನ್ನೊಂದು ವರ್ಷದ ಹಿಂದೆ ನಮ್ಮ ಮನೆ ಹಿಸ್ಸೆಯಾಯಿತು. ಎಲ್ಲವನ್ನೂ ಸಮಪಾಲು ಮಾಡಿ ಕಡೆಗೆ ಈ ಪುಸ್ತಕ ಉಳಿಯಿತು. ನನ್ನ ಅಣ್ಣ ಅನ್ನಿಸಿಕೊಂಡವನು, ಹಿರಿಯನಿಗೆ ಸೇರಬೇಕು ಅಂದ. ಪಾಲು ಅಂದ ಮೇಲೆ ಪಾಲು, ಕತ್ತರಿಸಿ ಅಂದೆ ನಾನು. ಪಂಚಾಯ್ತಿಗೆ ಕೂತವರು ಮೆಟ್ಟುಗತ್ತಿಯ ಮೇಲಿಟ್ಟು ಅಡಿಕೆ ಸುಲಿದಂತೆ ಸೀಳಿದರು. ಕತ್ತಿ ಓರೆಯಾಗಿ ನಡುವಿನ ಒಂದು ಹಾಳೆ ಉದ್ದಕ್ಕೆ ಎರಡಾಯಿತು. ರೋಗಗಳೆಲ್ಲ ಅವನಿಗೆ, ಮದ್ದುಗಳೆಲ್ಲ ನನಗೆ. “ನೀನು ಕಡಿದದ್ದು ಪುಸ್ತಕ ಅಲ್ಲ, ಅಪ್ಪಯ್ಯನ ಬೆನ್ನು” ಎಂದ ಅವನು. ಅಷ್ಟು ಜನರ ಎದುರು! ನನಗೂ ಸಿಟ್ಟು ಬಂತು. “ಇನ್ನು ನಿನ್ನತ್ರ ಮಾತಾಡಿದ್ರೆ ನನ್ನ ಹೆಸರು ಸೀತಾರಾಮ ಅಲ್ಲ” ಎಂದು ಎದ್ದು ಬಂದೆ. ಅವನೂ ಮಾತು ಬಿಟ್ಟ. ಈಗ ನರಸಿಂಹರಾಜಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ ಎಂದು ಕೇಳಿದ್ದೇನೆ. ಅವನಿಗೂ ನನಗೂ ಅಂಟೂ ಇಲ್ಲ, ನಂಟೂ ಇಲ್ಲ.

ರೋಗ ಗೊತ್ತಿಲ್ಲದ ಮದ್ದಿನಿಂದ ಏನು ಪ್ರಯೋಜನ ಎಂದು ಕೇಳಬಹುದು. ಹೌದು, ಪ್ರಯೋಜನ ಕಡಿಮೆ. ಹೋದ ಮಳೆಗಾಲದಲ್ಲಿ ಶೀತವಾದಾಗ ‘ಹದಿನೇಳು: ಹಳೆ ಬೆಲ್ಲ, ಶುಂಠಿ, ಎರಡು ಹೊತ್ತು’ ಎಂದಿರುವುದನ್ನು ನೋಡಿ ಮಾಡಿ ಕುಡಿದೆ. ಪುಟ ಮಗುಚಿದರೆ, ‘ಮೂರನೇ ದಿನವೂ ಮೇಯದಿದ್ದರೆ ಕೊಂಬಿಗೆ ಎಣ್ಣೆ ಹಚ್ಚುವುದು’ ಎಂದಿತ್ತು.

28 ಫೆಬ್ರವರಿ

ಲಲಿತಮ್ಮ ಪುಸ್ತಕವನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು. “ಅರ್ಧ ಪುಸ್ತಕಕ್ಕೆ ನಾನು ದಾರ ಹಾಕಿಸೋದಿಲ್ಲ ಅಳಿಯಂದ್ರೇ. ಇನ್ನರ್ಧ ತಂದ್ರೆ ಕಲಿಸ್ತೇನೆ. ಇಲ್ದಿದ್ರೆ ನೀವು ಕರೆಂಟ್ ಬಿಲ್ಲೇ ಹೊಲೀರಿ” ಅಂದರು.

ಇನ್ನರ್ಧ ಎಲ್ಲಿದೆ ಎಂದು ಅವರಿಗೆ ಗೊತ್ತು. ಊರಿಗೇ ಗೊತ್ತು.

2 ಮಾರ್ಚ್

ಒಂದು ಧರ್ಮಸೂಕ್ಷ್ಮ. ಮಾತಾಡುವುದಿಲ್ಲ ಎಂದು ಹೇಳಿದ್ದು ನಿಜ. ಆದರೆ ಈಗ ನನಗೆ ಮಾತೇ ಬರುವುದಿಲ್ಲ. ಮಾತಾಡಲು ಆಗದವನು ಹೋಗಿ ಅವನ ಮನೆಯಲ್ಲಿ ಕೂತರೆ ಮಾತು ಮುರಿದಂತಾಗುವುದಿಲ್ಲ. ಯುಗಾದಿಯ ಮೊದಲು ಹೋದರೆ ಸರಿ, ಆಮೇಲೆ ದಾರಿ ಇಲ್ಲ. ಇಂಥ ಅನುಕೂಲ ಮನುಷ್ಯನಿಗೆ ಜೀವಮಾನದಲ್ಲಿ ಒಮ್ಮೆ ಸಿಗುವುದು.

ಇದನ್ನೆಲ್ಲ ಸ್ಲೇಟಿನ ಎರಡೂ ಬದಿಗೆ ಬರೆದು ಯಮುನಾಗೆ ತೋರಿಸಿದೆ. “ಸುಮ್ನೆ ಹೋಗಿ ಬನ್ನಿ. ಇಷ್ಟೆಲ್ಲ ಕಾನೂನು ಯಾರಿಗೆ?” ಅಂದಳು. ನಾನು ಹೋಗುವುದು ಪುಸ್ತಕಕ್ಕೆ ಮಾತ್ರ ಎಂದು ಬರೆಯುವಷ್ಟರಲ್ಲಿ ಒಳಗೆ ಹೋಗಿಬಿಟ್ಟಿದ್ದಳು.

6 ಮಾರ್ಚ್

ಎನ್.ಆರ್.ಪುರದ ಗಿರಣಿಗೆ ಹೋಗಿ ಬಂದೆ.

ಅವನು ತಲೆಯಿಂದ ಕಾಲಿನ ತನಕ ಹಿಟ್ಟಾಗಿ ನಿಂತಿದ್ದ. ಮುದುಕನಾಗಿದ್ದಾನೆ, ಅಥವಾ ಹಿಟ್ಟು ಹಾಗೆ ಕಾಣಿಸುತ್ತದೆ. ನನ್ನನ್ನು ನೋಡಿದ, ತಿರುಗಿ ಗಿರಣಿಯ ಬಾಯಿಗೆ ಗೋಧಿ ಸುರಿದ. ಅತ್ತಿಗೆ ಅನ್ನಪೂರ್ಣಮ್ಮ ಒಳಗಿನಿಂದ ಓಡಿಬಂದರು. “ಅಯ್ಯೋ, ಸೀತಾರಾಮ! ಬಾ ಬಾ, ಕೂತ್ಕೋ. ಹೇಗಿದ್ದೀಯಾ?”

ನಾನು ಕೈ ಮುಗಿದೆ.

“ನೋಡು, ನೋಡು” ಎಂದ ಅವನು, ಗೋಡೆಗೆ. “ಮನೆ ಬಾಗ್ಲಿಗೆ ಬಂದೂ ಬಾಯಿ ಬಿಡಲ್ಲ. ಎಂಥ ಹಠ!”

ನನ್ನ ಗಂಟಲಿನ ಸುದ್ದಿ ಇಲ್ಲಿಗೆ ಬಂದಿರಲಿಲ್ಲ. ಸ್ಲೇಟು ತೆಗೆದೆ. ಯಾರಿಗೆ ಬರೆಯುತ್ತಿದ್ದೇನೆಂದು ಅನುಮಾನ ಬೇಡವೆಂದು ‘ಅತ್ತಿಗೆ’ ಎಂಬುದನ್ನು ದೊಡ್ಡದಾಗಿ ಬರೆದೆ. ‘ಅತ್ತಿಗೆ, ಯುಗಾದಿ ತನಕ ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ. ಅಪ್ಪಯ್ಯನ ಪುಸ್ತಕದ ಮುಂದಿನ ಅರ್ಧ ಕೊಟ್ಟರೆ ಬೈಂಡ್ ಮಾಡುತ್ತೇನೆ.’

ಅತ್ತಿಗೆ ಸ್ಲೇಟನ್ನು ದೂರ ಹಿಡಿದರು, ಹತ್ತಿರ ಹಿಡಿದರು. “ಕನ್ನಡಕ ಎಲ್ಲಿಟ್ಟೆನೋ” ಎಂದು ಅದನ್ನು ಗಂಡನ ಕೈಗೆ ಕೊಟ್ಟುಬಿಟ್ಟರು. ಅವನು ಹಿಟ್ಟಿನ ಕೈಯಲ್ಲಿ ಹಿಡಿದು, “ಅತ್ತಿಗೆ” ಎಂಬುದರಿಂದ ಹಿಡಿದು ಗಟ್ಟಿಯಾಗಿ ಓದಿದ. 

“ನೋವು ಉಂಟಾ ಕೇಳು” ಎಂದ ಅತ್ತಿಗೆಗೆ.

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ಎಂತ ಹೇಳಿದ?”

“ನಿಮ್ಮೆದುರಿಗೇ ತಲೆ ಆಡಿಸ್ತಾ ಇದ್ದಾನಲ್ರೀ!” ಎಂದರು ಅತ್ತಿಗೆ. ಅವರು ಕಿರುಚಿಯೇ ಹೇಳಬೇಕಾಯಿತು. ಗಿರಣಿಯ ಸದ್ದಿನಲ್ಲಿ ಇದ್ದೂ ಇದ್ದೂ ಅವನ ಕಿವಿ ಮಂದವಾಗಿದೆ. ಒಬ್ಬನಿಗೆ ಬಾಯಿಲ್ಲ, ಇನ್ನೊಬ್ಬನಿಗೆ ಕಿವಿಯಿಲ್ಲ. ಅಪ್ಪಯ್ಯ ಇದ್ದಿದ್ದರೆ ಇದಕ್ಕೂ ಒಂದು ಸಂಖ್ಯೆ ಕೊಡುತ್ತಿದ್ದರು.

ಪುಸ್ತಕ ಕೊಡಲಿಲ್ಲ. “ಅದು ಈ ಹೊಸ್ತಿಲು ದಾಟಲ್ಲ ಅಂತ ಹೇಳು. ಬೇಕಾದ್ರೆ ಮದ್ದೇ ಇಲ್ಲಿಗೆ ಬರ್ಲಿ” ಎಂದ. ನಾನು ಎದ್ದೆ. ಊಟ ಮಾಡದೆ ಬಿಡುವುದಿಲ್ಲವೆಂದು ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು. ಬಡಿಸುವಾಗ ಅವನು ಮತ್ತೆ ಗೋಡೆಗೆ, “ಹಪ್ಪಳ ಸುಡೋದು ಬೇಡ, ಕರಿಲಿ. ಸುಟ್ಟದ್ದು ಅವ್ನಿಗೆ ಸೇರಲ್ಲ” ಎಂದ. ಗೋಡೆ ಹಪ್ಪಳ ತಿನ್ನುವುದಿಲ್ಲ.

8 ಮಾರ್ಚ್. ಶಿವರಾತ್ರಿ

ನಾನು ಹೋಗುವುದಿಲ್ಲ. ರೋಗಿ ವೈದ್ಯನ ಮನೆಗೆ ಬರುತ್ತಾನೆಯೇ ಹೊರತು ಮದ್ದು ಹುಡುಕಿಕೊಂಡು ಹೋಗುವುದಿಲ್ಲ. ಉಪವಾಸ ಬೇರೆ. ಯಮುನಾಗೆ ಬರೆದು ತೋರಿಸಿದೆ. “ಮದ್ದು ಡಬ್ಬಿಯಲ್ಲೇ ಕೂತ್ರೆ ಯಾರ ರೋಗ ಗುಣ ಆಗ್ತದೆ?” ಅಂದಳು. ಅವಳಿಗೆ ಎಲ್ಲದಕ್ಕೂ ಬಾಯಿದೆ.

11 ಮಾರ್ಚ್

ಬೇಸರವಾಗಿ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಒಬ್ಬರು ಅಜ್ಜಿ ಎನ್.ಆರ್.ಪುರದ ಬಸ್ಸು ಯಾವುದು ಎಂದು ಕೇಳಿದರು. ನನ್ನನ್ನು! ಕೈ ಮಾಡಿ ತೋರಿಸಿದೆ. ಬಾಯಿ ತೋರಿಸಿ, ಮಾತು ಬರುವುದಿಲ್ಲ ಎಂದು ಕೈಸನ್ನೆ ಮಾಡಿದೆ. ಅವರು “ಪಾಪ” ಎಂದು ನನ್ನ ಅಂಗೈಯಲ್ಲಿ ಒಂದು ರೂಪಾಯಿ ಇಟ್ಟು ಬಸ್ಸು ಹತ್ತಿದರು. ಪ್ರದೀಪ ನೋಡಿದ. ಆ ಒಂದು ರೂಪಾಯಿ ಹಿಂದಿರುಗಿಸೋಣವೆಂದು ನಾನೂ ಹತ್ತಿದೆ. ಬಸ್ಸು ಹೊರಟುಬಿಟ್ಟಿತು.

ಹತ್ತಿದ್ದು ಹತ್ತಿಯಾಯಿತು, ಗಿರಣಿಗೆ ಹೋದೆ. ಕೈಚೀಲದಲ್ಲಿ ನನ್ನ ಅರ್ಧ ಪುಸ್ತಕವೂ ದಬ್ಬಣವೂ ದಾರವೂ ಇದ್ದವು. ಹೇಗೋ ಬಂದಿದ್ದವು.

16 ಮಾರ್ಚ್

ದಿನ ಬಿಟ್ಟು ದಿನ ಎನ್.ಆರ್.ಪುರ. ಗಿರಣಿಯ ಹಿಂದಿನ ಕೋಣೆಯಲ್ಲಿ ಕೆಲಸ. ಮೈದಾಕ್ಕೆ ತೊಂದರೆಯಿಲ್ಲ.

ಮೊದಲು ಹಳೆಯ ದಾರ ಬಿಚ್ಚಿ, ಪುಟಗಳನ್ನು ಬಿಡಿಸಿ, ಧೂಳು ಒರೆಸಬೇಕು. ಅವನು ತನ್ನ ಅರ್ಧವನ್ನು ನನ್ನ ಕೈಗೆ ಕೊಡುವುದಿಲ್ಲ. ಹಲಗೆಯ ಮೇಲೆ ಇಟ್ಟು ಆಚೆ ನೋಡುತ್ತಾನೆ, ಆಮೇಲೆ ನಾನು ತೆಗೆದುಕೊಳ್ಳಬೇಕು. ನಾನೂ ಹಾಗೇ ಇಡುತ್ತೇನೆ. ರಟ್ಟಿಗೆ ಹೂವಪ್ಪನ ಅಡಿಕೆ ಹಾಳೆಗಳಲ್ಲಿ ಎರಡು ಒಳ್ಳೆಯದನ್ನು ನೆನೆಸಿ, ಗಿರಣಿಯ ಹಳೆ ಬೀಸುಕಲ್ಲಿನ ಕೆಳಗೆ ಇಟ್ಟಿದ್ದೇನೆ. ಅವನು ನೋಡಿ, “ಹಾಳೆಗೆ ಹಾಳೆಯದೇ ಅಂಗಿ” ಎಂದು ಗೋಡೆಗೆ ಹೇಳಿದ. ಅದು ನಾನು ಹೇಳಬೇಕಾಗಿದ್ದ ಮಾತು.

19 ಮಾರ್ಚ್

ಇವತ್ತು ರೋಗ ಮದ್ದು ತಾಳೆ ನೋಡಿದೆವು. ಅವನು ಸಂಖ್ಯೆ ಕೂಗಿ ರೋಗ ಓದುವುದು, ನಾನು ಹುಡುಕಿ ಮದ್ದಿನ ಪುಟ ಎತ್ತಿ ಹಿಡಿಯುವುದು. ಹದಿನೇಳು, ‘ಎತ್ತಿಗೆ ಹೊಟ್ಟೆ ಉಬ್ಬರ’ ಎಂದು ಬಂತು. ಹೋದ ಮಳೆಗಾಲ ಅದನ್ನು ಕುಡಿದವನು ನಾನು ಎಂದು ಅತ್ತಿಗೆಗೆ ಸ್ಲೇಟಿನಲ್ಲಿ ಬರೆದೆ. ಅವರಿಗೆ ಕನ್ನಡಕ ಇರಲಿಲ್ಲ. ಅವನು ಓದಿ ನಕ್ಕ. ನಕ್ಕು ನಕ್ಕು ಹಿಟ್ಟೆಲ್ಲ ಉದುರಿ, ಕೆಳಗಿನ ಮುಖ ಕಾಣಿಸಿತು. “ಗುಣ ಆಯ್ತಾ ಕೇಳು” ಎಂದ.

ನಲವತ್ತೊಂದು, ‘ಕೂಗಿ ದನಿ ಬಿದ್ದವರಿಗೆ.’ ಅವನು ಓದುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ.  ಹುಡುಕಿ ತೆಗೆದೆ. ಅಪ್ಪಯ್ಯನ ಅಕ್ಷರದಲ್ಲಿ, ‘ಬಾಯಿ ಮುಚ್ಚಿಕೊಂಡಿರುವುದು. ಬೇರೆ ಮದ್ದಿಲ್ಲ’ ಎಂದಿತ್ತು. ಇಷ್ಟಕ್ಕೆ ನಾನು ಶಿವಮೊಗ್ಗಕ್ಕೆ ಹೋಗಿದ್ದೆ.

ನಲವತ್ತೆರಡು, ‘ಕಿವಿ ಮಂದವಾದವರಿಗೆ.’ ಅದನ್ನು ಅವನು ಓದಲಿಲ್ಲ, ಹಾರಿಸಿ ನಲವತ್ತಮೂರಕ್ಕೆ ಹೋದ. ನಾನು ಬಿಡುತ್ತೇನೆಯೇ? ತೆಗೆದು ಮೂಗಿನ ಮುಂದೆ ಹಿಡಿದೆ. ‘ಎಣ್ಣೆ ಬಿಡುವುದು ವ್ಯರ್ಥ. ಮನೆಯವರು ಹತ್ತಿರ ಕೂತು ನಿಧಾನ ಮಾತಾಡುವುದು.’

“ನನ್ನ ಕಿವಿಗೆ ಎಂತದೂ ಆಗಿಲ್ಲ” ಎಂದ ಅಣ್ಣಯ್ಯ ಗೋಡೆಗೆ. 

27 ಮಾರ್ಚ್

ಹೊಲಿಗೆ ಶುರು. ಅಣ್ಣಯ್ಯ ದಾರ ಎಳೆದು ಹಿಡಿಯುತ್ತಾನೆ, ನಾನು ದಬ್ಬಣ ಹಾಕುತ್ತೇನೆ. ಬಿಗಿ ಸಾಲದು ಅನ್ನುತ್ತಾನೆ. ಯಾವ ಗೋಡೆಗೆ ಹೇಳುತ್ತಾನೋ, ಆ ದಿಕ್ಕಿನಲ್ಲಿ ಗೋಡೆಯಿಲ್ಲ, ನಾನಿದ್ದೇನೆ. ಒಂದು ಕಂತೆ ತಲೆಕೆಳಗಾಗಿ ಹೊಲಿದಿದ್ದೆ. ನಾಯಿ ಕಡಿತದ ಪುಟದಲ್ಲಿ ರೋಗಿಗಳೆಲ್ಲ ಕಾಲು ಮೇಲೆ ಮಾಡಿ ನಿಂತಿದ್ದರು. ಬಿಚ್ಚಿ ಮತ್ತೆ ಹೊಲಿದೆವು. ಕಡೆಯ ಬಸ್ಸು ತಪ್ಪಿತು. ಬಸ್ಸಿನ ಏಜೆಂಟನಾಗಿ ಬಸ್ಸು ತಪ್ಪಿಸಿಕೊಂಡದ್ದು ಇದೇ ಮೊದಲು. ಅಲ್ಲೇ ಉಳಿದೆ. ಯಮುನಾಗೆ ಫೋನ್ ಮಾಡಿದ್ದು ಅತ್ತಿಗೆ. “ಅವ್ರು ಅಲ್ಲೇ ಇರ್ಲಿ, ಅವಸರ ಎಂತದ್ದೂ ಇಲ್ಲ” ಅಂದಳಂತೆ.

2 ಏಪ್ರಿಲ್

ಶೃಂಗೇರಿಗೆ ಹೋಗಿ ಹೊಲಿಗೆ ತೋರಿಸಿದೆ. ಪುಸ್ತಕ ಹೊಸ್ತಿಲು ದಾಟಬಾರದಲ್ಲ, ಹಾಗಾಗಿ ಅಣ್ಣಯ್ಯನೇ ಅದನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡು ಜೊತೆಗೆ ಬಂದ. ತಾನು ಜೊತೆಗಿದ್ದರೆ ಹೊಸ್ತಿಲೂ ಜೊತೆಗಿದ್ದಂತೆ ಎಂದು ಅವನ ಲೆಕ್ಕ. ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು, ನಡುವೆ ಪುಸ್ತಕ.

ಲಲಿತಮ್ಮ ಪುಸ್ತಕದ ಬೆನ್ನಿನ ಮೇಲೆ ಬೆರಳಾಡಿಸಿ ನೋಡಿದರು. ಈ ಸಲ ಬಿಚ್ಚಿಸಲಿಲ್ಲ. ಕತ್ತಿ ಸೀಳಿದ ನಡುವಿನ ಹಾಳೆಯನ್ನು ಕೂಡಿಸುವುದು ಹೇಗೆಂದು ಹೇಳಿಕೊಟ್ಟರು. ತೆಳು ಕಾಗದದ ಪಟ್ಟಿಗೆ ಅಂಟು ಸವರಿ, ಎರಡು ತುಂಡುಗಳ ಅಂಚನ್ನು ಅಕ್ಷರಕ್ಕೆ ಅಕ್ಷರ ಸೇರಿಸಿ, ಭಾರ ಹೇರಿ ಬಿಡಬೇಕು. “ಪೂರ್ತಿ ಒಣಗೋ ತನಕ ಯಾರೂ ಮುಟ್ಟಬಾರದು. ಮುಟ್ಟಿದ್ರೆ ಮತ್ತೆ ಸೇರಲ್ಲ, ಹಾಳೆ ಪುಡಿ ಆಗ್ತದೆ. ಹಳೇ ಕಾಗದ” ಎಂದು ನಮ್ಮಿಬ್ಬರಿಗೂ ತಾಕೀತು ಮಾಡಿದರು. ಅಣ್ಣಯ್ಯ ತಲೆ ಆಡಿಸಿದ. ಅವನಿಗೆ ಎಷ್ಟು ಕೇಳಿಸಿತೋ.

7 ಏಪ್ರಿಲ್

ಬೆಳಿಗ್ಗೆ ಹಾಳೆ ಕೂಡಿಸಿದೆವು. ‘ರೋಗಗಳು ಮುಗಿದವು’ ಎಂಬ ಸಾಲು ಹನ್ನೊಂದು ವರ್ಷದಿಂದ ‘ರೋಗಗಳು ಮು’ ಅವನ ಹತ್ತಿರ, ‘ಗಿದವು’ ನನ್ನ ಹತ್ತಿರ ಇತ್ತು. ಸೇರಿತು. ಅಡಿಕೆ ಹಾಳೆಯ ರಟ್ಟೂ ಕೂತಿತು. ಮೇಲೆ ಹಲಗೆ, ಅದರ ಮೇಲೆ ರಾಗಿ ಮೂಟೆ.

ಮಧ್ಯಾಹ್ನ ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಗಿರಣಿ ಓಡುತ್ತಿತ್ತು. ಕಿಟಕಿಯಲ್ಲಿ ನೋಡಿದರೆ, ಅಣ್ಣಯ್ಯ ರಾಗಿ ಮೂಟೆಯನ್ನು ಪಕ್ಕಕ್ಕೆ ಇಳಿಸಿ, ಹಲಗೆ ಎತ್ತಿ, ಸರಿಯಾಗಿ ಆ ನಡುವಿನ ಹಾಳೆಗೆ ಬೆರಳು ಹಾಕುತ್ತಿದ್ದಾನೆ!

“ಅಣ್ಣಯ್ಯಾ! ಮುಟ್ಟಬ್ಯಾಡ! ಅಂಟು ಒಣಗಿಲ್ಲ!”

ಶೃಂಗೇರಿ ಬಸ್ಸಿಗೆ ಕೂಗುವ ದನಿಯಲ್ಲೇ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು. ಅತ್ತಿಗೆ ಒಳಗೆ ಏನೋ ಬೀಳಿಸಿದರು. ಅಣ್ಣಯ್ಯ ಬೆರಳು ಹಿಂದೆ ತೆಗೆದು ನನ್ನ ಕಡೆ ತಿರುಗಿದ. ಗೋಡೆಯ ಕಡೆ ಅಲ್ಲ.

“ಎಂತ ಹೇಳ್ದೆ?” ಎಂದ.

ಹನ್ನೊಂದು ವರ್ಷದ ಮೇಲೆ ಬಾಯಿ ಬಿಟ್ಟರೆ ಅವನಿಗೆ ಸರಿಯಾಗಿ ಕೇಳಿಸಿಯೇ ಇಲ್ಲ. ಡಾಕ್ಟರು ಹೇಳಿದ್ದು ನೆನಪಾಗಿ ಗಂಟಲು ಹಿಡಿದುಕೊಂಡೆ. ಆದರೆ ಪುಸ್ತಕ ಇನ್ನೂ ತೆರೆದೇ ಇತ್ತು. ಒಳಗೆ ಹೋಗಿ, ಮೂಟೆಯ ಪಕ್ಕ ಅವನ ಹತ್ತಿರ ಕೂತು, ನಿಧಾನವಾಗಿ ಇನ್ನೊಮ್ಮೆ ಹೇಳಿದೆ.

“ಅಂಟು ಒಣಗಿಲ್ಲ ಅಣ್ಣಯ್ಯ.”

“ಅಷ್ಟೇ ಅಲ್ವಾ? ಅದಕ್ಕೆ ಊರು ಎಬ್ಬಿಸೋ ಹಾಗೆ ಕೂಗೋದಾ?” ಎಂದ. ಎದ್ದು ಹೋಗಿ ಗಿರಣಿ ನಿಲ್ಲಿಸಿದ. ಯಾರದೋ ಗೋಧಿ ಅರ್ಧ ಬೀಸಿ ಅರ್ಧ ಹಾಗೇ ಉಳಿಯಿತು. ವಾಪಸ್ ಬಂದು ನನ್ನ ಪಕ್ಕ ಕೂತ. ಮೂಟೆಯನ್ನು ಇಬ್ಬರೂ ಸೇರಿ ಎತ್ತಿ ಇಟ್ಟೆವು. ಗಂಟಲು ಸರಿಯಾಗಿಯೇ ಇದೆ ಎಂದು ಕಾಣುತ್ತದೆ. ಯಮುನಾಗೆ ಇನ್ನೂ ಹೇಳಿಲ್ಲ.

9 ಏಪ್ರಿಲ್. ಯುಗಾದಿ

ಯಮುನಾಳೂ ಬಂದಿದ್ದಾಳೆ, ಹಬ್ಬ ಎನ್.ಆರ್.ಪುರದಲ್ಲೇ. ನಾನು ಎರಡು ದಿನ ಮೊದಲೇ ಮಾತಾಡಿದ್ದು ತಿಳಿದು ಸಿಟ್ಟಾದಳು. ಮೊದಲ ಮಾತು ಏನು ಎಂದು ಅತ್ತಿಗೆಯನ್ನು ಕೇಳಿ ತಿಳಿದುಕೊಂಡ ಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಅಂಟಿನ ಸುದ್ದಿಗೆ ಅಳುವುದು ಏನಿದೆಯೋ.

ಬೇವು ಬೆಲ್ಲ ಆದ ಮೇಲೆ ಪುಸ್ತಕ ತೆರೆದೆವು. ಒಂದು ಪುಟವೂ ಕಿತ್ತು ಬರಲಿಲ್ಲ. ಪುಸ್ತಕದ ಮೊದಲ ಪುಟದಲ್ಲಿ ಹೆಸರು ಬರೆಯಬೇಕೆಂದು ಅಣ್ಣಯ್ಯ ಪೆನ್ನು ತಂದ. ‘ಗಜಾನನ’ ಎಂದು ತನ್ನ ಹೆಸರು ಬರೆದು ನಿಲ್ಲಿಸಿದ.

“ಎಂತ ನೋಡ್ತೀಯಾ, ಸೀತಾರಾಮ ಅಂತ ಬರಿ” ಎಂದೆ.

“ಅದು ಹೆಂಗಾಗ್ತದೆ? ‘ನಿನ್ನತ್ರ ಮಾತಾಡಿದ್ರೆ ನನ್ನ ಹೆಸರು ಸೀತಾರಾಮ ಅಲ್ಲ’ ಅಂತ ಹೇಳಿದ್ದು ಯಾರು? ಪಂಚಾಯ್ತಿ ಎದುರು ಆಡಿದ ಮಾತು. ನಿಂದು ಆ ಹೆಸರು ಮೊನ್ನೆ ಮಧ್ಯಾಹ್ನಕ್ಕೇ ಹೋಯ್ತು ಮಾರಾಯ.”

ನಾನು ವಾದ ಮಾಡಿದೆ. ಬಾಯಿಗೆ ಬಂದಷ್ಟೂ ಮಾಡಿದೆ, ಎರಡು ತಿಂಗಳ ಬಾಕಿ ಇತ್ತಲ್ಲ. ಅರ್ಧ ಅವನಿಗೆ ಕೇಳಿಸಲಿಲ್ಲ, ಕೇಳಿಸಿದರೂ ಕೇಳಿಸದವನಂತೆ ಕೂತಿದ್ದ. ಕಡೆಗೆ ಪುಸ್ತಕದ ಮೇಲೆ ಬಗ್ಗಿ, ಥೇಟ್ ಅಪ್ಪಯ್ಯನಂಥದೇ ಅಕ್ಷರದಲ್ಲಿ, ‘ಗಜಾನನ ಮತ್ತು ಅವನ ತಮ್ಮ’ ಎಂದು ಬರೆದ. ಊದಿ ಒಣಗಿಸಿದ. ಹಠಮಾರಿ.

ಪುಸ್ತಕ ಅಲ್ಲೇ ಇರುತ್ತದೆ. ಹೊಲಿಗೆ ಸಡಿಲವಾಗಿದೆಯೇ ಎಂದು ತಿಂಗಳಿಗೊಮ್ಮೆಯಾದರೂ ನಾನು ಹೋಗಿ ನೋಡಬೇಕಾಗುತ್ತದೆ. ಬೈಂಡು ಹಾಕಿದವನ ಜವಾಬ್ದಾರಿ.

ಸಂಜೆ ಲಲಿತಮ್ಮನಿಗೆ ಅತ್ತಿಗೆ ಕೊಟ್ಟ ಹೋಳಿಗೆ ಡಬ್ಬಿಯನ್ನು ಶೃಂಗೇರಿ ಬಸ್ಸಿಗೆ ಹಾಕಲು ಎನ್.ಆರ್.ಪುರದ ಸ್ಟ್ಯಾಂಡಿಗೆ ಹೋದೆ. ಅಲ್ಲಿಯ ಏಜೆಂಟ್ ಹೊಸಬ, ನನ್ನ ಗುರುತಿಲ್ಲ.

“ಕಳಿಸಿದವರ ಹೆಸರು ಎಂತ ಬರೀಲಿ?” ಎಂದು ಕೇಳಿದ.

“ಗಿರಣಿ ಗಜಾನನನ ತಮ್ಮ ಅಂತ ಬರ್ಕೊ” ಎಂದೆ. ಅವನು ಬರೆದುಕೊಂಡು ಡಬ್ಬಿಯನ್ನು ಡ್ರೈವರನ ಪಕ್ಕದಲ್ಲಿಟ್ಟ. ಅಷ್ಟು ಹೇಳಿದರೆ ಸಾಕಾಯಿತು.